ಚೇಚಿಯ ಎರಡು ನಿಮಿಷ

ಕಳೆದ ವಾರ ಪುತ್ತೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಚಪ್ಪಲಿ ಅಂಗಡಿಯಲ್ಲಿ ಒಬ್ಬಳು ಹುಡುಗಿಯ ಹಿಮ್ಮಡಿ ಕಂಡೆ. ಹನ್ನೊಂದು ಹನ್ನೆರಡು ವರ್ಷದವಳು. ಶಾಲೆಯ ಶೂ ಹಾಕಿ ನೋಡಲು ಕಾಲುಚೀಲ ಕಳಚಿ ಸ್ಟೂಲಿನ ಮೇಲೆ ಕಾಲಿಟ್ಟಿದ್ದಳು. ಹಿಮ್ಮಡಿಯ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಬಿಳಿ ಚುಕ್ಕೆಗಳು. ಬೇರೆಯವರು ನೋಡಿದರೆ ಎಂದೋ ಮುಳ್ಳು ಹೊಕ್ಕ ಗುರುತು ಎಂದುಕೊಂಡಾರು. ಅದು ಏನೆಂದು ನನಗೆ ಗೊತ್ತಿತ್ತು.

“ತಿಂಗಳು ತುಂಬುವ ಮೊದಲೇ ಹುಟ್ಟಿದ್ದಾ ಇವಳು?” ಎಂದು ತಾಯಿಯನ್ನು ಕೇಳಿದೆ.

“ಹೌದು. ನಿಮಗೆ ಹೇಗೆ ಗೊತ್ತಾಯ್ತು?” ಎಂದು ಆಕೆ ಬೆರಗಾಗಿ ನನ್ನ ಮುಖ ನೋಡಿದಳು. ಹುಟ್ಟಿದ ಆಸ್ಪತ್ರೆಯ ಹೆಸರನ್ನೂ ಹೇಳಿದಳು. ನಾನು ಕೆಲಸ ಮಾಡುವ ಆಸ್ಪತ್ರೆ. ಆ ವರ್ಷ ಅಲ್ಲಿಯ ಎಳೆಮಕ್ಕಳ ಘಟಕ ನನ್ನ ಕೈಯಲ್ಲೇ ಇತ್ತು. ನಾನು ಯಾರೆಂದು ಹೇಳಲಿಲ್ಲ. ಕೊಳ್ಳಬೇಕೆಂದಿದ್ದ ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಾಣಿಯೂರಿನ ಬಸ್ಸು ಹತ್ತಿದೆ. ಕೂತ ಮೇಲೆ ಚೇಚಿಯ ನೆನಪು ಬಂತು... ಬಂತು ಎನ್ನುವುದೂ ಪೂರ್ತಿ ನಿಜವಲ್ಲ. ಆ ನೆನಪನ್ನು ದಿನವೂ ಸ್ವಲ್ಪ ದೂರ ನೂಕಿ ಇಟ್ಟಿರುತ್ತೇನೆ. ಕೆಲವು ದಿನ ನೂಕಲಿಕ್ಕೆ ಆಗುವುದಿಲ್ಲ.

ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ, ಅವರಿಗಿಂತ ಹಿರಿಯಳಾದ ಆಯಾ ಕೂಡ. ನೆಲ್ಯಾಡಿಯವರು. ಅಜ್ಜನ ಕಾಲದಲ್ಲಿ ರಬ್ಬರ್ ನೆಡಲೆಂದು ಕೇರಳದಿಂದ ಬಂದ ಮನೆತನ. ಗಂಡ ಮರದಿಂದ ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್ ಮಾಡುತ್ತಿದ್ದರು. ಚೇಚಿ ಬೆಳಗ್ಗೆ ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ಎಂಟು ಗಂಟೆಯ ಡ್ಯೂಟಿಗೆ ಏಳೂವರೆಗೇ ಬಂದಿರುತ್ತಿದ್ದರು. ಕುಳ್ಳಗಿನ ಹೆಂಗಸು, ದಪ್ಪ ಕನ್ನಡಕ, ನಡೆಯುವಾಗ ಒಂದು ಬದಿಗೆ ಸ್ವಲ್ಪ ವಾಲುತ್ತಿದ್ದರು. ಮಕ್ಕಳನ್ನು ಮುಟ್ಟುವ ಮೊದಲು ಕೈ ತೊಳೆಯುವುದು ನಮಗೆಲ್ಲ ನಿಯಮ. ಚೇಚಿ ತೊಳೆದಾದ ಮೇಲೆ ಎರಡೂ ಅಂಗೈಗಳನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ನಾನು ಅವರ ಕೈಕೆಳಗೆ ಸೇರಿದಾಗ ನರ್ಸಿಂಗ್ ಮುಗಿಸಿ ಆರು ತಿಂಗಳೂ ಆಗಿರಲಿಲ್ಲ. ಮೊದಲ ವಾರದ ಒಂದು ಬೆಳಿಗ್ಗೆ, ಒಂದೂವರೆ ಕಿಲೋದ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಸಕ್ಕರೆ ನೋಡಬೇಕಿತ್ತು. ಕಾಲನ್ನು ಬಿಗಿಯಾಗಿ ಹಿಡಿದು ಚುಚ್ಚಿದೆ. ರಕ್ತ ಬರಲಿಲ್ಲ. ಇನ್ನೊಮ್ಮೆ ಚುಚ್ಚಿ ಹಿಂಡಿದೆ. ಮಗು ಬಾಯಿ ತೆರೆದಿತ್ತು, ಸ್ವರ ಹೊರಗೆ ಬರುತ್ತಿರಲಿಲ್ಲ. ಅಷ್ಟು ಸಣ್ಣ ಮಕ್ಕಳಿಗೆ ಅಳಲಿಕ್ಕೂ ತ್ರಾಣ ಇರುವುದಿಲ್ಲ. ಹಿಂದಿನಿಂದ ಬಂದ ಚೇಚಿ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.

“ಅದು ನಿಂಬೆಹುಳಿ ಅಲ್ಲ ಮೋಳೇ, ಹಿಂಡ್ಲಿಕ್ಕೆ” ಎಂದರು.

ಮೋಳೇ ಎಂದರೆ ಮಗಳೇ. ಬೈಯುವಾಗಲೂ ಅವರು ಹಾಗೆಯೇ ಕರೆಯುತ್ತಿದ್ದರು. ಆಮೇಲೆ ತಾವೇ ಮಾಡಿ ತೋರಿಸಿದರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಮ್ಮ ಮೊಣಕೈಯ ಒಳಬದಿಗೆ ತಾಗಿಸಿ ನೋಡಿ, ಮಗುವಿನ ಹಿಮ್ಮಡಿಗೆ ಸುತ್ತಿದರು. ಕೈಕಾಲು ಮಡಚಿ, ಹೊಟ್ಟೆಯೊಳಗೆ ಇದ್ದ ಹಾಗೆ, ಮೆತ್ತಗಿನ ಬಟ್ಟೆಯಲ್ಲಿ ಕಟ್ಟಿದರು. ತಾಯಿ ಹಿಂಡಿಕೊಟ್ಟಿದ್ದ ಹಾಲಿನ ಎರಡು ಹನಿಯನ್ನು ನಾಲಿಗೆಯ ತುದಿಗೆ ಬಿಟ್ಟರು. ಬಿಟ್ಟು ಗೋಡೆಯ ಗಡಿಯಾರ ನೋಡುತ್ತ ನಿಂತರು.

“ಇನ್ನು ಎಂತಕ್ಕೆ ಕಾಯುದು ಚೇಚಿ?”

“ಎರಡು ನಿಮಿಷ. ಸಿಹಿ ಅದರ ತಲೆಗೆ ಹೋಗ್ಬೇಕಲ್ಲ.”

ಎರಡು ನಿಮಿಷ ಕಳೆದ ಮೇಲೆ ಹಿಮ್ಮಡಿಯ ನಡುವಿಗೆ ಅಲ್ಲ, ಬದಿಗೆ, ಒಂದೇ ಸಲ ಚುಚ್ಚಿದರು. ರಕ್ತ ತಾನಾಗಿ ಹನಿಯಾಗಿ ನಿಂತಿತು. ಮಗು ಹುಬ್ಬು ಗಂಟಿಕ್ಕಿತು, ಬಾಯಿ ಸೊಟ್ಟ ಮಾಡಿತು, ಮತ್ತೆ ಬಟ್ಟೆಯೊಳಗೆ ಸಡಿಲವಾಯಿತು. ಇದನ್ನೆಲ್ಲ ಎಲ್ಲಿ ಕಲಿತದ್ದು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: “ನೋಡಿ ಕಲ್ತದ್ದು. ನಾವು ಕಾಲನ್ನು ನೋಡ್ತಾ ಚುಚ್ಚುದು. ಒಮ್ಮೆ ಮುಖ ನೋಡ್ತಾ ಚುಚ್ಚಿ ನೋಡು, ನಿನಗೂ ಗೊತ್ತಾಗ್ತದೆ.”

ನೋಡಿದೆ. ಗೊತ್ತಾಯಿತು. ಗೊತ್ತಾದ ಮೇಲೆ ಮಾಡಿದ್ದು ಹೆಚ್ಚು ಕೆಟ್ಟದ್ದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಘಟಕದಲ್ಲಿ ಎಂಟು ವಾರ್ಮರ್‌ಗಳಿದ್ದವು, ಮೇಲಿನಿಂದ ಶಾಖ ಕೊಡುವ ಎಂಟು ತೆರೆದ ತೊಟ್ಟಿಲುಗಳು. ಒಂದು ಪಾಳಿಗೆ ಇಬ್ಬರು ನರ್ಸುಗಳು. ಮಕ್ಕಳ ಡಾಕ್ಟರು ಒಂಬತ್ತಕ್ಕೆ ರೌಂಡ್ಸಿಗೆ ಬರುವ ಹೊತ್ತಿಗೆ ಎಲ್ಲ ಮಕ್ಕಳ ರಕ್ತದ ವರದಿ ತಯಾರಿರಬೇಕು. ಒಂದೊಂದು ಮಗುವಿಗೂ ಬಟ್ಟೆ ಬಿಸಿ ಮಾಡಿ, ಸುತ್ತಿ, ಹನಿ ಬಿಟ್ಟು, ಕಾದು ನಿಂತರೆ ಅರ್ಧ ಗಂಟೆಯ ಕೆಲಸ ಒಂದು ಗಂಟೆಗೆ ಹೋಗುತ್ತಿತ್ತು. ಡಾಕ್ಟರು ಬಾಗಿಲಲ್ಲೇ ನಿಂತು, “ಸೀಮಂತ ಮುಗಿಯಿತಾ ಸಿಸ್ಟರ್?” ಎನ್ನುತ್ತಿದ್ದರು. ಉಳಿದವರು ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಡಾಕ್ಟರು ಕೆಟ್ಟವರಲ್ಲ. ಬದುಕಲಾರವು ಎಂದುಕೊಂಡ ಎಷ್ಟೋ ಮಕ್ಕಳನ್ನು ಅವರು ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅವರು ಓದುವ ಕಾಲದಲ್ಲಿ ಕಲಿತದ್ದು, ಹುಟ್ಟಿದ ಮಗುವಿನ ನರ ಇನ್ನೂ ಬಲಿತಿರುವುದಿಲ್ಲ, ಅದಕ್ಕೆ ನೋವು ನಮ್ಮ ಹಾಗೆ ತಿಳಿಯುವುದಿಲ್ಲ ಎಂದು. “ನಾಳೆಗೆ ಅದಕ್ಕೆ ಒಂದೂ ನೆನಪಿರುದಿಲ್ಲ. ಸ್ವಲ್ಪ ಅತ್ತರೆ ಶ್ವಾಸಕೋಶಕ್ಕೂ ಒಳ್ಳೇದು” ಎನ್ನುತ್ತಿದ್ದರು. ಚೇಚಿ ಒಮ್ಮೆ, ತಲೆ ಎತ್ತದೆಯೇ, “ನಾಳೆ ನೆನಪಿರ್ಲಿಕ್ಕಿಲ್ಲ ಡಾಕ್ಟ್ರೆ. ಇವತ್ತು ನೋವು ಉಂಟಲ್ಲ” ಎಂದಿದ್ದರು. ಆ ದಿನ ರೌಂಡ್ಸಿನಲ್ಲಿ ಅವರು ಚೇಚಿಯ ಜೊತೆ ಮತ್ತೆ ಮಾತಾಡಲಿಲ್ಲ.

ಮನೆಯವರೂ ಚೇಚಿಯ ಕಡೆಗಿರಲಿಲ್ಲ. ಅಜ್ಜಿಯಂದಿರು ಗಾಜಿನ ಆಚೆಯಿಂದ, “ಅಳದೆ ದೊಡ್ಡದಾದ ಮಗು ಉಂಟಾ?” ಎನ್ನುತ್ತಿದ್ದರು. ನರ್ಸುಗಳಲ್ಲಿ ಕೆಲವರಿಗೆ ನಂಬಿಕೆ ಇತ್ತು, ಸಮಯ ಇರಲಿಲ್ಲ. ಕೆಲವರಿಗೆ ಸಮಯವಿದ್ದರೂ ಡಾಕ್ಟರ ಮಾತಿಲ್ಲದೆ ಒಂದು ಹನಿ ಕೊಡಲೂ ಹೆದರಿಕೆ. ಕೇಸ್ ಶೀಟಿನಲ್ಲಿ ಜ್ವರಕ್ಕೆ ಕಾಲಂ ಇತ್ತು, ಉಸಿರಿಗೆ ಇತ್ತು, ಮೂತ್ರಕ್ಕೆ ಇತ್ತು, ನೋವಿಗೆ ಇರಲಿಲ್ಲ. ಚೇಚಿ ಪೆನ್ನಿನಲ್ಲಿ ಒಂದು ಗೆರೆ ಎಳೆದು “ನೋವು” ಎಂದು ಬರೆದು, ಹುಬ್ಬು, ಕಣ್ಣು, ಬಾಯಿ ಹೇಗಿತ್ತು ಎಂದು ಗುರುತು ಹಾಕುತ್ತಿದ್ದರು. ಕೇಸ್ ಶೀಟ್ ಕಾನೂನಿನ ದಾಖಲೆ, ಮನಸ್ಸಿಗೆ ಬಂದ ಹಾಗೆ ಗೆರೆ ಎಳೆಯಲಿಕ್ಕೆ ನಿಮ್ಮ ಮನೆಯ ಪುಸ್ತಕ ಅಲ್ಲ ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಎಲ್ಲರೆದುರು ಹೇಳಿದರು. ಚೇಚಿ “ಸರಿ ಮೇಡಂ” ಎಂದರು. ಮರುದಿನ ಗೆರೆ ಎಳೆಯಲಿಲ್ಲ, ಹಾಳೆಯ ಅಂಚಿನಲ್ಲಿ ಬರೆದರು.

ನಾನು ಸೇರಿ ಆರನೇ ತಿಂಗಳು. ಆರು ತಿಂಗಳ ಪ್ರೊಬೇಷನ್ ಮುಗಿಯಲು ಮೂರು ವಾರ ಉಳಿದಿತ್ತು. ಕಡಬದ ಕಡೆಯ ಒಬ್ಬಳು ತಾಯಿಯ ಮಗು, ಗಂಡು, ಎಂಟು ತಿಂಗಳೂ ತುಂಬದೆ ಹುಟ್ಟಿದ್ದು, ಎರಡನೇ ವಾರ್ಮರಿನಲ್ಲಿತ್ತು. ಆ ದಿನ ಬೆಳಿಗ್ಗೆ ರೌಂಡ್ಸ್ ಮುಗಿಸಿ ಹೊರಡುವಾಗ ಡಾಕ್ಟರು ಬಾಗಿಲ ಹತ್ತಿರ ತಿರುಗಿ, “ಎರಡನೇದರ ಹೊಟ್ಟೆ ಸ್ವಲ್ಪ ಉಬ್ಬಿದ ಹಾಗೆ ಉಂಟು. ಸಂಜೆವರೆಗೆ ಬಾಯಿಗೆ ಏನೂ ಬೇಡ” ಎಂದರು. ಹೇಳಿದ್ದು ನನ್ನ ಹತ್ತಿರ. ಚೇಚಿ ಒಳಗಿನ ಕೋಣೆಯಲ್ಲಿ ಒಬ್ಬಳು ತಾಯಿಗೆ ಹಾಲು ಹಿಂಡಲು ಹೇಳಿಕೊಡುತ್ತಿದ್ದರು. ಡಾಕ್ಟರು ಅದನ್ನು ಬರೆಯಲಿಲ್ಲ, ಹೆರಿಗೆ ಕೋಣೆಯಿಂದ ಕರೆ ಬಂದಿತ್ತು, ಓಡಿದರು. ನಾನು ಬರೆಯಬೇಕಿತ್ತು. ಪೆನ್ನು ತೆಗೆದೂ ಇದ್ದೆ. ಅಷ್ಟರಲ್ಲಿ ಐದನೇ ಮಗುವಿನ ಡ್ರಿಪ್ ಸೋರಿ ಕೈ ಊದಿಕೊಂಡದ್ದು ಕಂಡು ಅಲ್ಲಿಗೆ ಹೋದೆ. ಅದನ್ನು ತೆಗೆದು ಹೊಸತು ಹಾಕುವಷ್ಟರಲ್ಲಿ ಡಾಕ್ಟರ ಮಾತು ನನ್ನ ತಲೆಯಿಂದ ಪೂರಾ ಹೋಗಿಬಿಟ್ಟಿತ್ತು.

ಹತ್ತೂವರೆಗೆ ಎರಡನೇ ಮಗುವಿನ ರಕ್ತ ಬೇಕೆಂದು ಲ್ಯಾಬಿನವರು ಬಂದರು. ಚೇಚಿ ಯಾವಾಗಲೂ ಮಾಡುವ ಹಾಗೆ ಮಾಡಿದರು. ಬಟ್ಟೆ ಬಿಸಿ, ಸುತ್ತುವುದು, ತಾಯಿಯ ಹಾಲು ಎರಡು ಹನಿ, ಎರಡು ನಿಮಿಷ. ನಾನು ಪಕ್ಕದ ವಾರ್ಮರಿನಲ್ಲಿದ್ದೆ. ನೋಡಿದೆ. ಆಗಲೂ ನೆನಪಾಗಲಿಲ್ಲ...

ಮಧ್ಯಾಹ್ನದ ಹೊತ್ತಿಗೆ ಮಗು ಹಸಿರು ವಾಂತಿ ಮಾಡಿತು. ಹೊಟ್ಟೆ ಬಿಗಿದುಕೊಂಡು ಹೊಳೆಯತೊಡಗಿತು. ಮೂರು ಗಂಟೆಗೆ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದರು. ಜೊತೆಯಲ್ಲಿ ಹೋದದ್ದು ಚೇಚಿ. ತಾಯಿ ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಮೆಟ್ಟಿಲವರೆಗೆ ಬಂದಿದ್ದಳು. ಮಗುವಿನ ಮಾವ, ತಾಯಿಯ ಅಣ್ಣ, ಬಾಯಿಗೆ ಏನು ಕೊಟ್ಟಿರಿ ಎಂದು ಆಫೀಸಿನ ಮೇಜು ಗುದ್ದಿ ಕೇಳಿದ.

ಮರುದಿನ ಬೆಳಿಗ್ಗೆ ಸೂಪರಿಂಟೆಂಡೆಂಟ್ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ಡಾಕ್ಟರೂ ಇದ್ದರು. “ಬಾಯಿಗೆ ಏನೂ ಬೇಡ ಎಂದು ನಾನು ಈ ಹುಡುಗಿಗೆ ಹೇಳಿದ್ದೇನೆ, ಹೇಳಿದ ಮೇಲೂ ಹಾಲು ಹೋದದ್ದು ಹೇಗೆ?” ಎಂದು ಅವರು ಕೇಳಿದರು. ಸೂಪರಿಂಟೆಂಡೆಂಟ್ ನನ್ನ ಕಡೆ ತಿರುಗಿದರು.

“ನೀನು ಇವರಿಗೆ ಹೇಳಿದ್ಯಾ?”

ಚೇಚಿ ನನ್ನ ಬಲಬದಿಯಲ್ಲಿ ನಿಂತಿದ್ದರು. ನಾನು ಆ ಕಡೆ ನೋಡಲಿಲ್ಲ.

“ಹೇಳಿದ್ದೆ ಮೇಡಂ” ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆ ಇತ್ತು, ಹೌದು. ಕೆಲಸ ಹೋದೀತೆಂಬ ಹೆದರಿಕೆ, ಮಗಳು ಪುತ್ತೂರಿನಲ್ಲಿ ಸಿಸ್ಟರ್ ಎಂದು ಕಾಣಿಯೂರಿನಲ್ಲಿ ಕಂಡಕಂಡವರಿಗೆ ಹೇಳಿದ್ದ ಅಮ್ಮನ ಮುಖದ ಹೆದರಿಕೆ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ಆ ಎರಡು ನಿಮಿಷಗಳಿಂದ ನಾನು ದಣಿದಿದ್ದೆ. ದಿನವೂ ಡಾಕ್ಟರ ಕೊಂಕು ಕೇಳುವುದು, ತಡವಾಗಿ ಊಟಕ್ಕೆ ಹೋಗುವುದು, ಒಂದು ಸೂಜಿಗೆ ಇಷ್ಟೊಂದು... ಚೇಚಿ ಸ್ವಲ್ಪ ತಗ್ಗಲಿ ಎಂದು ನನ್ನೊಳಗೆ ಯಾವುದೋ ಮೂಲೆಯಲ್ಲಿ ಇತ್ತು.

“ಇವಳು ಹೇಳಿರ್ಬಹುದು ಮೇಡಂ. ಕೆಲಸದ ನಡುವೆ ನನಗೆ ಕೇಳಿರ್ಲಿಕ್ಕಿಲ್ಲ” ಎಂದರು ಚೇಚಿ.

ಹೊರಗೆ ಬಂದ ಮೇಲೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಬಹುಶಃ ಅಲ್ಲೇ ಕಾಲಿಗೆ ಬೀಳುತ್ತಿದ್ದೆ. ಮೆಟ್ಟಿಲು ಹತ್ತುತ್ತ ಅವರು, “ಏಳನೇ ಮಗುವಿಗೆ ಹನ್ನೊಂದಕ್ಕೆ ಹಾಲು ಉಂಟು, ಮರೀಬೇಡ” ಎಂದರು. ಮೋಳೇ ಎನ್ನಲಿಲ್ಲ. ಆಮೇಲೆ ಎಂದೂ ಹಾಗೆ ಕರೆಯಲಿಲ್ಲ.

ವಾರದೊಳಗೆ ಅವರನ್ನು ಕೆಳಗಿನ ಇಂಜೆಕ್ಷನ್ ಕೋಣೆಗೆ ಹಾಕಿದರು. ಎಳೆಮಕ್ಕಳ ಘಟಕದ ಗೋಡೆಗೆ ಒಂದು ಆದೇಶ ಅಂಟಿಸಿದರು. ಡಾಕ್ಟರ ಲಿಖಿತ ಸೂಚನೆ ಇಲ್ಲದೆ ಮಗುವಿನ ಬಾಯಿಗೆ ಒಂದು ಹನಿಯೂ ಹಾಕಬಾರದು. ನೋವಿಗೆಂದು ಯಾವ ಡಾಕ್ಟರು ಬರೆದುಕೊಡುತ್ತಾರೆ? ಹನಿ ನಿಂತಿತು. ಹನಿ ನಿಂತ ಮೇಲೆ ಕಾಯುವುದು ಯಾಕೆ ಎಂದು ಅದೂ ನಿಂತಿತು. ಬಟ್ಟೆ ಬಿಸಿ ಮಾಡುವುದನ್ನು ಯಾರೂ ಬೇಡವೆಂದಿರಲಿಲ್ಲ, ಆದರೂ ನಿಂತಿತು. ವರದಿಗಳು ಒಂಬತ್ತಕ್ಕೆ ಸರಿಯಾಗಿ ತಯಾರಿರುತ್ತಿದ್ದವು.

ಒಂದೂವರೆ ತಿಂಗಳಾದ ಮೇಲೆ ಕಡಬದ ಆ ತಾಯಿ ಬಂದಳು. ಮಗು ಬದುಕಿತ್ತು. ಕೆನ್ನೆ ತುಂಬಿಕೊಂಡಿತ್ತು. ಮಂಗಳೂರಿನ ಕಾಗದಪತ್ರ ತಂದಿದ್ದಳು. ರಕ್ತಕ್ಕೆ ಹತ್ತಿದ ಸೋಂಕು, ಹಿಂದಿನ ದಿನವೇ ಶುರುವಾಗಿದ್ದದ್ದು, ಹೊಟ್ಟೆ ಉಬ್ಬಿದ್ದು ಅದರಿಂದ. ಡಾಕ್ಟರು ಓದಿ, “ಹಾಲಿನಿಂದ ಆದದ್ದಲ್ಲ ಹಾಗಾದ್ರೆ” ಎಂದು ಕಾಗದ ಮಡಚಿ ಕೊಟ್ಟರು. ಅಷ್ಟೇ. ಕೆಳಗೆ ಫೋನು ಮಾಡಿ ಚೇಚಿಗೆ ತಿಳಿಸಬೇಕೆಂದು ಅವರಿಗೂ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ.

ತಾಯಿ ಹೋಗುವಾಗ ನನ್ನ ಹತ್ತಿರ ಬಂದು, “ಆ ಕನ್ನಡಕದ ಸಿಸ್ಟರ್ ಎಲ್ಲಿ? ಆಂಬುಲೆನ್ಸಿನಲ್ಲಿ ಮಂಗಳೂರುವರೆಗೆ ಇವನ ತಲೆ ಮೇಲೆ ಕೈ ಇಟ್ಕೊಂಡೇ ಇದ್ರಂತೆ. ಒಮ್ಮೆ ತೋರಿಸ್ಬೇಕಿತ್ತು ಇವನನ್ನು” ಎಂದಳು.

ಚೇಚಿ ಎರಡು ಮಹಡಿ ಕೆಳಗಿದ್ದರು. ಲಿಫ್ಟಿನಲ್ಲಿ ಅರ್ಧ ನಿಮಿಷ.

“ರಜೆಯಲ್ಲಿದ್ದಾರೆ” ಎಂದೆ.

ಮೊದಲ ಸುಳ್ಳಿಗೆ ಹೆದರಿಕೆ ಎಂದು ಹೆಸರು ಕೊಡಬಹುದು. ಇದಕ್ಕೆ ಏನೆಂದು ಹೆಸರು ಕೊಡಲಿ? ಅವರಿಬ್ಬರೂ ಎದುರಾದರೆ ಮಾತಿಗೆ ಮಾತು ಬಂದು ನನ್ನದು ಹೊರಗೆ ಬಿದ್ದೀತು, ಅದಕ್ಕೆ. ಮಗು ಬದುಕಿದ್ದನ್ನು ಕಣ್ಣಿಂದ ನೋಡುವುದನ್ನೂ ಅವರಿಗೆ ತಪ್ಪಿಸಿದೆ.

ಆ ಮಳೆಗಾಲ ಕಳೆಯುವ ಮೊದಲು ಚೇಚಿ ಕೆಲಸ ಬಿಟ್ಟರು. ಬೀಳ್ಕೊಡುಗೆಯ ಚಾ, ಬಿಸ್ಕತ್ತಿಗೆ ನಾನು ಹೋಗಲಿಲ್ಲ, ಡ್ಯೂಟಿ ಇದೆ ಎಂದೆ. ನಾಲ್ಕು ವರ್ಷಕ್ಕೆ ನಾನೇ ಘಟಕದ ಇನ್‌ಚಾರ್ಜ್ ಆದೆ. ಚುರುಕು, ತಡ ಮಾಡುವುದಿಲ್ಲ ಎಂದು ಹೆಸರು ಬಂತು. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಚುಚ್ಚುವ ಮೊದಲು ಮಗುವಿನ ಬಾಯಿಗೆ ತನ್ನ ಕಿರುಬೆರಳು ಕೊಟ್ಟು ಸಮಾಧಾನ ಮಾಡುತ್ತಿದ್ದಳು. “ಎಂತ ಅದು? ಆರು ಮಕ್ಕಳು ಬಾಕಿ ಉಂಟು” ಎಂದು ಗದರಿಸಿದೆ. ಗದರಿಸಿದ ಸ್ವರ ನನ್ನದೇ. ಅಂಗಡಿಯಲ್ಲಿ ಕಂಡ ಹಿಮ್ಮಡಿ ಆ ಕಾಲದ್ದು. ಬಿಸಿ ಮಾಡದೆ, ಅವಸರದಲ್ಲಿ, ಒಂದರ ಬದಲು ಮೂರು ನಾಲ್ಕು ಸಲ ಚುಚ್ಚಿ ಹಿಂಡಿದ ಕಾಲದ್ದು.

ಹಳೆಯ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಯುವ ಡಾಕ್ಟರು, ಹೆಂಗಸು, ಎರಡು ವರ್ಷದ ಹಿಂದೆ ನಮಗೆಲ್ಲ ತರಬೇತಿ ಇಟ್ಟರು. ಪರದೆಯ ಮೇಲೆ ಒಂದು ಮಗುವಿನ ಮುಖ. ಹುಬ್ಬು ನೋಡಿ, ಕಣ್ಣು ನೋಡಿ, ಬಾಯಿ ನೋಡಿ ಎಂದರು. ಸುತ್ತುವುದು ಹೇಗೆ, ತಾಯಿಯ ಎದೆಯ ಮೇಲೆ ಮಲಗಿಸುವುದು ಹೇಗೆ, ಹಾಲಿನ ಹನಿ ಎಷ್ಟು. ಹನಿ ಬಿಟ್ಟ ಮೇಲೆ ಎರಡು ನಿಮಿಷ ಕಾಯಬೇಕು ಎಂದಾಗ ನಾನು ತಲೆ ತಗ್ಗಿಸಿದೆ. ಆಮೇಲೆ ಗೊಂಬೆಯ ಮೇಲೆ ಮಾಡಿ ತೋರಿಸಲು ಕರೆದರು. ನನ್ನ ಕೈ ತಾನಾಗಿಯೇ ಎಲ್ಲ ಮಾಡಿತು.

“ಎಷ್ಟು ಚೆನ್ನಾಗಿ ಮಾಡಿದ್ರಿ ಸಿಸ್ಟರ್. ಮೊದಲೇ ಕಲ್ತಿದ್ರಾ?” ಎಂದು ಡಾಕ್ಟರು ಕೇಳಿದರು.

“ಇಲ್ಲ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ನುಂಗಲಾಗಲಿಲ್ಲ. ಆ ಭಾನುವಾರ ನೆಲ್ಯಾಡಿಗೆ ಹೋದೆ. ಹೆದ್ದಾರಿಯಿಂದ ಒಳಗೆ, ರಬ್ಬರ್ ತೋಟದ ನಡುವಿನ ಮನೆ. ವಿಳಾಸ ಕೇಳಿದ ಅಂಗಡಿಯವನೇ, “ಆ ಸಿಸ್ಟರಾ? ಅವರು ತೀರಿಹೋಗಿ ಒಂದು ವರ್ಷ ಆಯ್ತಲ್ಲ” ಎಂದ. ಆದರೂ ಹೋದೆ. ಗಂಡ ಜಗಲಿಯಲ್ಲಿ ರಬ್ಬರ್ ಶೀಟುಗಳನ್ನು ಮಡಚಿ ಇಡುತ್ತಿದ್ದರು. ಪುತ್ತೂರಿನ ಆಸ್ಪತ್ರೆಯಿಂದ ಬಂದೆ ಎಂದೆ. ಕೂತುಕೊಳ್ಳಲು ಹೇಳಿ, ಒಳಗೆ ಹೋಗಿ ತಾವೇ ಚಾ ಮಾಡಿ ತಂದರು. ಹೃದಯದ ತೊಂದರೆ, ಎರಡು ದಿನವೂ ಹಾಸಿಗೆ ಹಿಡಿಯಲಿಲ್ಲ ಎಂದರು. ಕೊನೆಯವರೆಗೂ ಊರಿನ ಸಣ್ಣ ಕ್ಲಿನಿಕ್ಕಿಗೆ ಹೋಗಿ ಮಕ್ಕಳಿಗೆ ಚುಚ್ಚುಮದ್ದು ಕೊಡುತ್ತಿದ್ದರಂತೆ.

ಆಮೇಲೆ ನನ್ನನ್ನು ನೋಡಿ, “ನೀವು ಕಾಣಿಯೂರಿನವರಲ್ವಾ?” ಎಂದು ಕೇಳಿದರು.

ಹೌದು ಎಂದೆ. ಲೋಟ ಕೆಳಗಿಟ್ಟೆ.

“ಅವಳು ಹೇಳಿದ್ದಳು. ಚಿಕ್ಕ ಹುಡುಗಿ, ಹೆದರಿ ಹಾಗೆ ಹೇಳಿದ್ದು, ಅವಳಿಗೆ ಬೇರೆ ಎಂತ ಮಾಡ್ಲಿಕ್ಕಾಗ್ತಿತ್ತು ಅಂತ. ಒಂದು ದಿನವೂ ನಿಮ್ಮನ್ನು ದೂರಲಿಲ್ಲ.” ಅವರು ಇನ್ನೊಂದು ಶೀಟು ಎತ್ತಿ ಮಡಚಿದರು. “ನನಗೆ ಮಾತ್ರ ಹಾಗೆ ಕಾಣುದಿಲ್ಲ.”

ಕ್ಷಮಿಸಿ ಎಂದಿರಬೇಕು, ನೆನಪಿಲ್ಲ. ಮಗು ಬದುಕಿತು, ಹಾಲಿನಿಂದ ಆದದ್ದಲ್ಲ ಎಂದು ಗೊತ್ತಾಗಿತ್ತು ಎಂದು ಮಾತ್ರ ಹೇಳಿದೆ. ಅವರ ಕೈ ನಿಂತಿತು.

“ಯಾವಾಗ ಗೊತ್ತಾದದ್ದು?”

“ಆಗಲೇ. ಒಂದೂವರೆ ತಿಂಗಳಲ್ಲಿ.”

“ಅವಳಿಗೆ ಗೊತ್ತಿರಲಿಲ್ಲ” ಎಂದರು. “ಆ ಮಗುವಿನ ಮಾತು ಎತ್ತಲಿಕ್ಕೇ ಬಿಡ್ತಿರಲಿಲ್ಲ ಅವಳು. ಸತ್ತಿರಬೇಕು ಅಂತಲೇ ನಾವು ತಿಳ್ಕೊಂಡಿದ್ದದ್ದು.”

ನಾನು ಹೊರಡುವಾಗ ಅವರು ಎದ್ದು ನಿಲ್ಲಲಿಲ್ಲ, ಇನ್ನೊಮ್ಮೆ ಬನ್ನಿ ಎಂದೂ ಹೇಳಲಿಲ್ಲ. ಬಸ್ಸಿಗೆಂದು ಹೆದ್ದಾರಿಯ ಬದಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಎರಡು ಬಸ್ಸು ನಿಂತು ಹೋದವು, ಹತ್ತಲಿಲ್ಲ.

ಮರುದಿನ ಯುವ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಹಳೇ ವಿಷಯ ಸಿಸ್ಟರ್, ಆ ಕಾಲದಲ್ಲಿ ಎಲ್ಲ ಕಡೆ ಹಾಗೆಯೇ ಇತ್ತು. ಬಿಡಿ” ಎಂದರು. ಬಿಡಲಿಕ್ಕೆ ಬರುವಂಥದ್ದಾಗಿದ್ದರೆ ನಾನೇ ಬಿಡುತ್ತಿದ್ದೆ. ಆಗಿನ ಸೂಪರಿಂಟೆಂಡೆಂಟ್ ಈಗಿಲ್ಲ. ಹಳೆಯ ಡಾಕ್ಟರಿಗೆ ಫೋನು ಮಾಡಿದರೆ ಅವರಿಗೆ ಆ ಮಗುವಿನ ನೆನಪಿರಲಿಲ್ಲ, ಚೇಚಿಯ ನೆನಪಿತ್ತು. “ಒಳ್ಳೆಯ ಹೆಂಗಸು, ಸ್ವಲ್ಪ ನಿಧಾನ” ಎಂದರು.

ಈಗ ಹೊಸ ಹುಡುಗಿಯರು ಘಟಕಕ್ಕೆ ಸೇರುವ ದಿನ ನಾನು ಇದನ್ನು ಹೇಳುತ್ತೇನೆ. ಚೇಚಿ ಮಾಡಿದ್ದನ್ನೂ, ನಾನು ಮಾಡಿದ್ದನ್ನೂ. ಕೆಲವರು ನೆಲ ನೋಡುತ್ತಾರೆ. ಕಳೆದ ತಿಂಗಳು ಸುಳ್ಯದ ಕಡೆಯ ಒಬ್ಬಳು, “ಮಗು ಉಳೀತಲ್ಲ ಮೇಡಂ, ಮತ್ತೆಂತ?” ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಮಗು ಉಳಿಯಿತು ಎಂಬ ಒಂದು ಮಾತಿಗೆ ಒಬ್ಬರು ಹದಿನಾಲ್ಕು ವರ್ಷ ನೆಲ್ಯಾಡಿಯಲ್ಲಿ ಕಾದಿದ್ದರು, ಆ ಮಾತು ನನ್ನ ಹತ್ತಿರ ಇತ್ತು, ನಾನು ಹೇಳಲಿಲ್ಲ ಎಂದು ಅವಳಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮೂರನೇ ವಾರ್ಮರಿನ ಮಗು ಅಳತೊಡಗಿತು, ಅವಳು ಎದ್ದು ಹೋದಳು.